ಬೆಕ್ಕು ಕೆಡಿಸಿದ ರಂಗೋಲಿ

ನಮ್ಮತ್ತೆಯ ಬೈಗುಳ ಕೇಳಿಸಿತೆಂದರೆ ನಮ್ಮ ಬೀದಿಯವರಿಗೆ ಹಾಲು ತರಲು ಹೊರಡುವ ಹೊತ್ತಾಯಿತು ಅಂತ ಲೆಕ್ಕ. ಬೈಸಿಕೊಳ್ಳುತ್ತಿದ್ದದ್ದು ನಮ್ಮ ಬೆಕ್ಕು. ಅತ್ತೆ ಬಾಗಿಲಿಗೆ ನೀರು ಹಾಕಿ, ಗುಡಿಸಿ, ಗೇಟಿನ ಮುಂದೆ ರಂಗೋಲಿ ಬಿಟ್ಟು, ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ಊರು ಸುತ್ತಿಕೊಂಡು ಮನೆಗೆ ಬರುತ್ತಿತ್ತು. ಬರಲು ಬೇಕಾದಷ್ಟು ದಾರಿಯಿತ್ತು. ಕಾಂಪೌಂಡ್ ಗೋಡೆಯಿತ್ತು, ಪಕ್ಕದ ಮನೆಯ ಶೀಟಿತ್ತು, ನಮ್ಮದೇ ಸೀಬೆ ಮರವಿತ್ತು. ಅದೆಲ್ಲ ಬಿಟ್ಟು ಮಹಾರಾಯ ರಂಗೋಲಿಯ ನಟ್ಟನಡುವೆಯೇ ನಡೆದು ಒಳಗೆ ಬರಬೇಕು. "ಥೂ ಮುಂಡೇದೆ, ಈಗಿನ್ನೂ ಬಿಟ್ಟಿದ್ನಲ್ಲೋ! ನಿನ್ ಮಕಕ್ಕೆ ನನ್ ಪೊರಕೆ ಇಡಾ!" ಅಂತ ಅತ್ತೆ ಕೂಗುತ್ತಿದ್ದರು. ಅದು ಬಾಲ ಎತ್ತಿಕೊಂಡು ಅಡುಗೆಮನೆಗೆ ಹೋಗಿ ತಟ್ಟೆಯ ಮುಂದೆ ಕೂರುತ್ತಿತ್ತು. ಪೊರಕೆ ಮೂಲೆಗಿಟ್ಟು ಅದಕ್ಕೆ ಹಾಲು ಹಾಕುತ್ತಿದ್ದವರೂ ಅತ್ತೆಯೇ.

ಸಹಕಾರನಗರದ ಅಚ್ಚುಕಟ್ಟು ಬೀದಿಗಳು ಮುಗಿದು ಹಳೇ ಊರಿನ ಸೊಟ್ಟ ಬೀದಿಗಳು ಶುರುವಾಗುವ ಕಡೆ ನಮ್ಮ ಮನೆ. ಒಂದು ಕಾಲಕ್ಕೆ ನನ್ನ ಗಂಡನ ಮನೆಯವರು ದ್ರಾಕ್ಷಿ ಬೆಳೆಯುತ್ತಿದ್ದ ಜಾಗ ಅದು. ಈಗ ನನ್ನ ಗಂಡ ಬೇರೆಯವರಿಗೆ ಮನೆ ಕಟ್ಟಿಸಿಕೊಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೂ ಹೇಳುತ್ತಾರೆ, ಶಾಲೆಯ ಮಕ್ಕಳೂ ಹೇಳುತ್ತಾರೆ. ಬರೀ ಉತ್ತರ ಬರೆದಿಟ್ಟರೆ ನಾನು ಅಂಕ ಕೊಡುವವಳಲ್ಲ, ಹೇಗೆ ಬಂತು ಅಂತ ಹಂತಹಂತವಾಗಿ ತೋರಿಸಬೇಕು. ಉತ್ತರಪತ್ರಿಕೆ ತಿದ್ದುವಾಗ ಕಟ್ಟಿನ ಮೇಲೆ ಬಂದು ಮಲಗುತ್ತಿದ್ದದ್ದು ಇದೇ ಬೆಕ್ಕು. ಎತ್ತಿ ಕೆಳಗಿಟ್ಟರೆ ಮತ್ತೆ ಹತ್ತುತ್ತಿತ್ತು. ಕಂದು ಬಣ್ಣದ, ಅಗಲ ಮುಖದ, ಒಂದು ಕಿವಿ ಹರಿದ ಗಂಡು. ಹತ್ತು ಹನ್ನೆರಡು ವರ್ಷದ ಹಿಂದೆ ಮರಿಯಾಗಿ ನಮ್ಮ ನೀರಿನ ಸಂಪಿನ ಮುಚ್ಚಳದ ಮೇಲೆ ಕೂತಿದ್ದಾಗಿನಿಂದ ನಮ್ಮಲ್ಲೇ ಬೆಳೆದದ್ದು. ಅದಕ್ಕೊಂದು ಹೆಸರಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನಾವು ಬೆಕ್ಕು ಅಂತಿದ್ದೆವು, ಅತ್ತೆ ಮುಂಡೇದು ಅಂತಿದ್ದರು, ಎರಡಕ್ಕೂ ಓಗೊಡುತ್ತಿತ್ತು.

ಅತ್ತೆಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ಅವರ ನಾಲಗೆಯ ಮೇಲೆ ಒಂದು ಕರೀ ಮಚ್ಚೆಯಿದೆ. ಕರಿನಾಲಗೆಯವರು ಆಡಿದ್ದು ಆಗಿಯೇ ತೀರುತ್ತದೆ ಅನ್ನುವುದು ನಮ್ಮ ಬೀದಿಯ ನಂಬಿಕೆ. ಎದುರುಮನೆಯವರು ಹೊಸ ನೀರಿನ ಮೋಟರು ಹಾಕಿಸಿದಾಗ ಅತ್ತೆ ಸುಮ್ಮನೆ "ಎಷ್ಟ್ ದಿನ ಬತ್ತದೋ" ಅಂದರಂತೆ, ವಾರ ಕಳೆಯುವುದರೊಳಗೆ ಅದು ಸುಟ್ಟುಹೋಯಿತಂತೆ. ನಮ್ಮ ಕಡೆ ಕರೆಂಟು ಏರಿಳಿಯುವ ಚಂದಕ್ಕೆ ಯಾರೂ ಏನೂ ಅನ್ನದೆಯೂ ಎಷ್ಟೋ ಮೋಟರು ಸುಟ್ಟಿವೆ ಅಂತ ನಾನು ವಾದ ಮಾಡಿ ಸಾಕಾಗಿದ್ದೆ. ಕಷ್ಟವೇನೆಂದರೆ ಅತ್ತೆಯೂ ಅದನ್ನು ನಂಬಿದ್ದರು. ಬೆಕ್ಕಿಗೆ ಅಷ್ಟು ಬೈದರೂ ಸಾವು ನೋವಿನ ಮಾತು ಬರದಂತೆ ನಾಲಗೆ ಹಿಡಿದುಕೊಂಡೇ ಬೈಯುತ್ತಿದ್ದರು.

ಆ ವರ್ಷದ ಯುಗಾದಿಯ ಬೆಳಿಗ್ಗೆ ಮಾತ್ರ ಹಿಡಿತ ತಪ್ಪಿತು. ಅತ್ತೆ ಗೇಟಿನ ಮುಂದೆ ಬಣ್ಣ ತುಂಬಿ ಜೋಡಿ ನವಿಲು ಬಿಟ್ಟಿದ್ದರು. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೋಗಿದ್ದರು. ಬೆಕ್ಕು ಬಂದದ್ದೇ ಒಂದು ನವಿಲಿನ ಕತ್ತಿನಿಂದ ಇನ್ನೊಂದರ ಬಾಲದವರೆಗೆ ಗೀಟು ಎಳೆದುಕೊಂಡು ಹೋಯಿತು. ಅತ್ತೆ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದರು. "ನಿನ್ ಕಾಲ್ ಸೇದೋಗ!" ಅಂತ ಅದರ ಕಾಲು ಬಿದ್ದುಹೋಗುವಂತೆ ಶಾಪ ಹಾಕಿಬಿಟ್ಟರು. ನಾನು ಒಳಗೆ ಬೇವು ಬೆಲ್ಲ ಕಲಸುತ್ತಿದ್ದೆ, ನನಗೂ ಕೇಳಿಸಿತು. ಮರುಕ್ಷಣ ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡದ್ದನ್ನೂ ಕಿಟಕಿಯಿಂದ ಕಂಡೆ.

ಅದಾಗಿ ಕೆಲವೇ ದಿನಕ್ಕೆ ಬೆಕ್ಕು ಕಾಂಪೌಂಡ್ ಗೋಡೆ ಹತ್ತಲು ಹೋಗಿ ಅರ್ಧದಲ್ಲೇ ಜಾರಿ ಹೂವಿನ ಕುಂಡದ ಮೇಲೆ ಬಿತ್ತು. ಎದ್ದಾಗ ಹಿಂದಿನ ಎಡಗಾಲನ್ನು ಎಳೆಯುತ್ತಿತ್ತು. ಪಾದ ಮಡಚಿಕೊಂಡು ಬೆರಳಿನ ಮೇಲ್ಭಾಗ ನೆಲಕ್ಕೆ ಉಜ್ಜುತ್ತಿತ್ತು. ಅತ್ತೆ ಅದನ್ನು ನೋಡಿ ನೇರ ದೇವರ ಕೋಣೆಗೆ ಹೋಗಿ ಕೂತರು.

"ಬಿದ್ದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ ಕಣೇ, ಮೂಳೆಗೇ ಏಟಾಗಿರೋದು," ಅಂದರು ನನ್ನ ಗಂಡ. ನಾನು ಶಾಲೆಗೆ ಹೋದದ್ದನ್ನೇ ನೋಡಿಕೊಂಡು ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಸೋಲದೇವನಹಳ್ಳಿಯ ಕಡೆ ಒಬ್ಬ ಮೂಳೆ ಕಟ್ಟುವವರ ಹತ್ತಿರ ಹೋಗಿಬಂದರು. ಅವರು ನನ್ನ ಗಂಡನ ಮುರಿದ ಮಣಿಕಟ್ಟನ್ನು ಸರಿಮಾಡಿದವರು. ಮೇಕೆ, ಕರುಗಳಿಗೂ ಕಟ್ಟುತ್ತಾರಂತೆ, ಆದರೆ ಬೆಕ್ಕು ಇದೇ ಮೊದಲಂತೆ. ಸಂಜೆ ಮನೆಗೆ ಬಂದು ನೋಡುತ್ತೇನೆ, ಬೆಕ್ಕಿನ ಎಡಗಾಲಿಗೆ ಬಿದಿರಿನ ದಬ್ಬೆ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ನಾಟಿ ಕೋಳಿ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು. ಬೆಕ್ಕು ಜಗತ್ತಿನ ಪರಿವೆಯಿಲ್ಲದೆ ತನ್ನ ಕಾಲನ್ನೇ ನೆಕ್ಕುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಮೊಟ್ಟೆಯೂ ಇಲ್ಲ, ಹಿಟ್ಟೂ ಇಲ್ಲ. ಬರೀ ಬಟ್ಟೆ ಉಳಿದಿತ್ತು, ಅದನ್ನೂ ಹಲ್ಲಿನಿಂದ ಬಿಚ್ಚಿ ಹಾಕಿತು.

ನನ್ನ ಗಂಡನಿಗೆ ಆ ದಿನ ನಾನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಸಿಟ್ಟಿನ ಹಿಂದೆ ಇದ್ದದ್ದು ಭಯ. ಎದುರಿಗೆ ಕೂತು ಬಾಲ ಬಡಿಯುವ ಆ ಪ್ರಾಣಿ ಇನ್ನು ನಡೆಯುತ್ತದೋ ಇಲ್ಲವೋ ಅನ್ನುವುದು ಬಿಟ್ಟು ನನ್ನ ತಲೆಗೆ ಬೇರೇನೂ ಹತ್ತುತ್ತಿರಲಿಲ್ಲ. ಮಾರನೆಯ ದಿನ ರಜೆ ಹಾಕಿ ಹೆಬ್ಬಾಳದ ಕಡೆಯ ಪ್ರಾಣಿಗಳ ಕ್ಲಿನಿಕ್ಕಿಗೆ ಹೊರಟೆ. ನನ್ನ ಗಂಡ ಕಾರು ಓಡಿಸಿದರು. ಅತ್ತೆ ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತರು. ಕೇಳಿದರೆ "ನನ್ ಮಂಡಿ ನೋವಿಗೂ ಏನಾರ ಕೇಳ್ಬೋದಲ್ಲ" ಅಂದರು.

ಕ್ಲಿನಿಕ್ಕಿನ ಮುಂಭಾಗದಲ್ಲಿ ಕೂತಿದ್ದ ಹುಡುಗಿ ಹೆಸರು ಕೇಳಿದಳು. ಬೆಕ್ಕು ಅಂದೆ. "ಬೆಕ್ಕು ಅಂತ ಗೊತ್ತು ಮೇಡಂ, ಹೆಸರು?" ಅಂದಳು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಬೆಕ್ಕು ಅಂತಲೇ ಬರೆದುಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕನ್ನಡಕ ಹಾಕಿಕೊಂಡಿದ್ದರು, ಮಾತು ಮೆಲ್ಲಗೆ, ಅವಸರ ಅನ್ನುವುದೇ ಇರಲಿಲ್ಲ. ಒಂದು ಗಳಿಗೆಯಲ್ಲಿ ನೋಡಿ ಔಷಧಿ ಚೀಟಿ ಕೊಟ್ಟುಬಿಡುತ್ತಾರೆ ಅಂತ ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಮೊದಲು ಬೆಕ್ಕನ್ನು ನೆಲಕ್ಕೆ ಬಿಟ್ಟು ಅದು ನಡೆಯುವುದನ್ನು ಸುಮ್ಮನೆ ನೋಡುತ್ತ ಕೂತರು. ಆಮೇಲೆ ಮೇಜಿನ ಮೇಲೆ ನಿಲ್ಲಿಸಿ ಬಲಗಡೆಯ ಪಾದವನ್ನು ಹಿಂದುಮುಂದಾಗಿ ಮಡಚಿ ಇಟ್ಟರು. ಬೆಕ್ಕು ತಟ್ಟನೆ ಸರಿಮಾಡಿಕೊಂಡಿತು. ಎಡಗಡೆಯದನ್ನೂ ಹಾಗೇ ಇಟ್ಟರು. ಪಾದ ಮಡಚಿಕೊಂಡೇ ಇತ್ತು, ತನ್ನ ಕಾಲು ಹೇಗಿದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಎರಡೂ ಪಾದ ಮುಟ್ಟಿ ನೋಡಿದರು, ಬೆಚ್ಚಗಿದ್ದವು. ತೊಡೆಯ ಸಂದಿಯಲ್ಲಿ ನಾಡಿ ಹಿಡಿದರು, ಚೆನ್ನಾಗಿ ಬಡಿಯುತ್ತಿತ್ತು. "ರಕ್ತ ಹೆಪ್ಪುಗಟ್ಟಿ ಕಾಲು ಹೋಗಿದ್ರೆ ಪಾದ ತಣ್ಣಗಾಗಿರೋದು, ನೋವಿಗೆ ಕಿರುಚ್ತಿತ್ತು. ಅದಲ್ಲ," ಅಂದರು. ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಎಳೆಯುವ ಕಾಲೂ ಜೋರಾಗಿ ಒದೆಯಿತು. ನನಗೆ ಖುಷಿಯಾಯಿತು, ಆದರೆ ಡಾಕ್ಟರು ಖುಷಿಪಡಲಿಲ್ಲ. ಕಾಲಿನ ನರ, ಮೂಳೆ ಸರಿಯಾಗಿದ್ದರೆ ತಟ್ಟಿದಾಗ ಒದೆಯುತ್ತದಂತೆ, ತೊಂದರೆ ಅದಕ್ಕಿಂತ ಮೇಲೆ ಬೆನ್ನುಹುರಿಯಲ್ಲಿ ಇರಬೇಕಂತೆ.

"ಅಂದ್ರೆ ಬಲ್ಬ್ ಸರಿಯಾಗಿದೆ, ಲೈನಲ್ಲಿ ಫಾಲ್ಟು," ಅಂದರು ನನ್ನ ಗಂಡ.

"ಹೌದು ಸರ್. ಲೈನಲ್ಲಿ ಎಲ್ಲಿ ಅಂತ ಹುಡುಕ್ಬೇಕು," ಅಂದರು ಡಾಕ್ಟರು. ಮುಂಗಾಲು ಎರಡೂ ಗಟ್ಟಿಯಿದ್ದವು, ಹಾಗಾಗಿ ಕತ್ತಿನಲ್ಲಿಲ್ಲ. ಸೊಂಟದಿಂದ ಶುರುಮಾಡಿ ಬೆನ್ನಿನ ಎರಡು ಪಕ್ಕದ ಚರ್ಮವನ್ನು ಮೆಲ್ಲಗೆ ಚಿವುಟುತ್ತ ಮೇಲೆ ಬಂದರು. ಕೆಳಗೆ ಚಿವುಟಿದಾಗ ಏನೂ ಆಗಲಿಲ್ಲ. ಒಂದು ಕಡೆ ಬಂದಾಗ, ನೊಣ ಕೂತರೆ ಹಸುವಿನ ಮೈ ಅದುರುತ್ತದಲ್ಲ, ಹಾಗೆ ಚರ್ಮ ಅದುರಿತು. ಅಲ್ಲಿಂದ ಮೇಲಕ್ಕೆ ಎಲ್ಲ ಕಡೆಯೂ ಅದುರಿತು. "ಇಲ್ಲೇ ಆಸುಪಾಸು," ಅಂತ ಬೆರಳಿಟ್ಟರು. ಒಂದೊಂದೇ ಸಾಧ್ಯತೆ ಹೊಡೆದುಹಾಕುತ್ತ ಬರುವ ಆ ಕ್ರಮ ನೋಡಿ ನನ್ನ ಜಗಳದ ಹುಮ್ಮಸ್ಸೆಲ್ಲ ಇಳಿದುಹೋಯಿತು. ನನ್ನ ಕ್ಲಾಸಿನಲ್ಲಿದ್ದಿದ್ದರೆ ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದೆ.

"ಯಾವಾಗಿಂದ ಹೀಗಿದೆ?" ಅಂತ ಕೇಳಿದರು.

"ಮೊನ್ನೆ ಬಿತ್ತಲ್ಲ, ಆವಾಗಿಂದ," ಅಂದರು ನನ್ನ ಗಂಡ. ನಾನೂ ಹೌದು ಅಂದೆ. ಡಾಕ್ಟರು ಎಡಪಾದ ಎತ್ತಿ ಬೆಳಕಿಗೆ ಹಿಡಿದರು. ಉಗುರುಗಳು ಮೇಲಿನಿಂದ ಸವೆದು ಮೊಂಡಾಗಿದ್ದವು. ಬಲಪಾದದ ಉಗುರುಗಳು ಸೂಜಿಯಂತಿದ್ದವು. "ಎರಡು ದಿನಕ್ಕೆ ಇಷ್ಟೊಂದು ಸವೆಯಲ್ಲ ಮೇಡಂ," ಅಂದವರು ಬೆರಳ ಸಂದಿಯನ್ನು ಹತ್ತಿಯಿಂದ ಒರೆಸಿ, "ಇದೇನು, ಬಿಳಿ ಪುಡಿ?" ಅಂತ ಕೇಳಿದರು.

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಅತ್ತೆ ತಮ್ಮನ್ನೇ ಹಿಡಿದುಹಾಕಿದರು ಅಂದುಕೊಂಡರೋ ಏನೋ, ಎದ್ದು ನಿಂತರು. "ರಂಗೋಲಿ ಪುಡಿ ಕಣಮ್ಮ. ದಿನಾ ತುಳೀತದೆ. ಮೊದ್ಲು ಸುಮ್ಕೆ ಎಜ್ಜೆ ಇಟ್ಕಂಡ್ ಓಗದು, ನಾಕ್ ಚುಕ್ಕಿ ತಿದ್ದಿದ್ರೆ ಆಗೋದು. ಸಂಕ್ರಾಂತಿಗೆ ಕಬ್ಬಿನ ಜಲ್ಲೆ ಬಿಟ್ಟಿದ್ದೆ, ಆವತ್ತು ಒಂದ್ ಗೀಟು ಎಳೀತು, ಉಗುರಷ್ಟುದ್ದ. ಬೇಕೂ ಅಂತ ಎಳೀತದೆ ಅನ್ಕಂಡೆ. ಶಿವರಾತ್ರಿಗೆ ಗೇಣುದ್ದ. ಯುಗಾದಿ ಅಬ್ಬಕ್ಕೆ ನವಿಲನ್ನೇ ಸೀಳಾಕ್ಬುಡ್ತು. ಆವತ್ತೇ ನಾನು..." ಅಂದವರು ಅಲ್ಲಿಗೆ ನಿಲ್ಲಿಸಿದರು. ಅತ್ತೆಯ ಮಾತಿನಲ್ಲಿ ಹಕಾರ ಇರುವುದಿಲ್ಲ, ಆದರೆ ಆ ಹೊತ್ತು ನನಗೆ ಅಷ್ಟು ಸ್ಪಷ್ಟವಾಗಿ ಯಾರ ಮಾತೂ ಕೇಳಿಸಿರಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. "ಅಜ್ಜಿ, ಇನ್ನೊಂದ್ಸಲ ಹೇಳಿ. ಸಂಕ್ರಾಂತಿಗೇ ಗೀಟು ಇತ್ತಾ? ಯಾವ ಕಾಲಿಂದು?" ಅತ್ತೆ ಮೇಜಿನ ಮೇಲೆ ಬೆರಳಿನಿಂದ ಬಿಡಿಸಿ ತೋರಿಸಿದರು. ಹಿಂದಿನ ಎಡಗಾಲಿನದೇ. ಡಾಕ್ಟರ ಮುಖ ಸ್ವಲ್ಪ ಗಂಭೀರವಾಯಿತು. ಬಿದ್ದದ್ದರಿಂದ ಆದ ಪೆಟ್ಟಾದರೆ ಬಿದ್ದ ದಿನದಿಂದ ಇರಬೇಕು. ಇದು ಎರಡು ಮೂರು ತಿಂಗಳಿಂದ ಇಷ್ಟಿಷ್ಟೇ ಬೆಳೆದಿದೆ. ಬಿದ್ದದ್ದರಿಂದ ಕಾಲು ಹೋದದ್ದಲ್ಲ, ಕಾಲು ಸೋತದ್ದರಿಂದ ಬಿದ್ದದ್ದು. ವಯಸ್ಸಾದ ಬೆಕ್ಕಿನಲ್ಲಿ, ಒಂದೇ ಪಕ್ಕದಲ್ಲಿ, ಹೀಗೆ ನಿಧಾನವಾಗಿ ಹೆಚ್ಚುತ್ತ ಬಂದರೆ ಬೆನ್ನುಹುರಿಯನ್ನು ಗಡ್ಡೆಯೊಂದು ಒತ್ತುತ್ತಿರಬಹುದು ಅಂತ ಅನುಮಾನ ಪಡಬೇಕು ಅಂದರು.

ಗಡ್ಡೆ ಅಂದ ತಕ್ಷಣ ನಾನು ತೆಗೆಯಲಾಗುತ್ತದಾ ಅಂತ ಕೇಳಿದೆ. ಅತ್ತೆ ಮಾತ್ರ ಕೇಳಿದ್ದು ಬೇರೆ. "ಬೈಗುಳದಿಂದ ಗಡ್ಡೆ ಆಯ್ತದಾ ತಾಯಿ?" ಅಂದರು. ಕರಿನಾಲಗೆಯ ವಿಷಯ, ಯುಗಾದಿಯ ದಿನ ಆಡಿದ ಮಾತು ಎಲ್ಲ ಹೇಳಿ ನಾಲಗೆ ಹೊರಗೆ ಹಾಕಿ ತೋರಿಸಿಯೇಬಿಟ್ಟರು. ಡಾಕ್ಟರು ಟಾರ್ಚು ಹಾಕಿ ಆ ಮಚ್ಚೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು. ನಾನು ಸುಮ್ಮನಿರಲಾರದೆ ಹೇಳಿದೆ, "ಅತ್ತೆ, ನೀವೇ ಹೇಳಿದ್ರಲ್ಲ, ಗೀಟು ಸಂಕ್ರಾಂತಿಗೇ ಇತ್ತು ಅಂತ. ನೀವು ಅಂದಿದ್ದು ಯುಗಾದಿಗೆ. ಕಾರಣ ಮೊದ್ಲು ಬರ್ಬೇಕು, ಆಗೋದು ಆಮೇಲೆ ಆಗ್ಬೇಕು. ಹಿಂದುಮುಂದಾಗಿ ಹೇಗಾಗುತ್ತೆ?" ಅತ್ತೆ ಬೆಕ್ಕಿನ ತಲೆ ಸವರುತ್ತ, "ನಿಂದು ಲೆಕ್ಕ ಕಣಮ್ಮ, ನಂದು ನಾಲ್ಗೆ," ಅಂದರು.

ಎಕ್ಸ್‌ರೇಯಲ್ಲಿ ಮೂಳೆ ಎಲ್ಲೂ ಮುರಿದಿರಲಿಲ್ಲ. ಬೆಕ್ಕುಗಳಲ್ಲಿ ಒಂದು ವೈರಸ್ ಇದೆಯಂತೆ, ಅದು ಹೊಕ್ಕರೆ ಬೆನ್ನುಹುರಿಯ ಸುತ್ತ ಒಂದು ಜಾತಿಯ ಗಡ್ಡೆ ಬರುವುದುಂಟಂತೆ. ರಕ್ತದಲ್ಲಿ ಅದೂ ಸಿಗಲಿಲ್ಲ. ಹಾಗಂತ ಆ ಜಾತಿಯ ಗಡ್ಡೆ ಇಲ್ಲವೇ ಇಲ್ಲ ಅನ್ನುವಂತೆಯೂ ಇಲ್ಲ ಅಂದರು ಡಾಕ್ಟರು. ಗಡ್ಡೆ ಇದೆಯೋ ಇಲ್ಲವೋ, ಇದ್ದರೆ ಎಲ್ಲಿ, ಹುರಿಯ ಹೊರಗೋ ಒಳಗೋ ಅನ್ನುವುದಕ್ಕೆ ಎಂಆರ್‌ಐ ಆಗಲೇಬೇಕು. ಹುರಿಯ ಒಳಗೇ ಹುಟ್ಟಿದ್ದರೆ ಕೈ ಹಾಕುವುದು ಕಷ್ಟ, ಹೊರಗಿದ್ದರೆ ದಾರಿಯಿದೆ. ಬೆಕ್ಕು ಅಲುಗಾಡದೆ ಮಲಗಬೇಕಾದ್ದರಿಂದ ಪ್ರಜ್ಞೆ ತಪ್ಪಿಸುವ ಔಷಧಿ ಕೊಡಬೇಕು, ಅದಕ್ಕೆ ಹೊಟ್ಟೆ ಖಾಲಿಯಿರಬೇಕು. ಬೆಳಿಗ್ಗೆ ಒಂದು ತೊಟ್ಟು ಹಾಲೂ ಕೊಡಕೂಡದು ಅಂತ ಎರಡೆರಡು ಸಲ ಹೇಳಿದರು. ನಾನು ಮನೆಗೆ ಬಂದು ಅದನ್ನೇ ನಾಲ್ಕು ಸಲ ಹೇಳಿದೆ.

ಆ ಬೆಳಿಗ್ಗೆ ಮನೆಯಲ್ಲಿ ಬೆಕ್ಕಿನ ಗೋಳಾಟ ಕೇಳಲಾಗುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು, ಬೆಕ್ಕಿನ ಕುಲಕ್ಕೇ ಅನ್ಯಾಯವಾದಂತೆ ಕೂಗುತ್ತಿತ್ತು. ಹೇಗೋ ಬುಟ್ಟಿಗೆ ತುಂಬಿ ಹೊರಟೆವು. ಅತ್ತೆ ಈ ಸಲ ಬರಲಿಲ್ಲ, ಗೇಟಿನವರೆಗೆ ಬಂದು ಬುಟ್ಟಿಯ ಮುಚ್ಚಳ ತೆಗೆದು ಏನೋ ಪಿಸುಗುಟ್ಟಿ ಕಳಿಸಿದರು. ಎಂಆರ್‌ಐ ಮಾಡುವ ಜಾಗ ಗೊರಗುಂಟೆಪಾಳ್ಯ ದಾಟಿ ಇತ್ತು. ಆ ಜಂಕ್ಷನ್ನಿನಲ್ಲಿ ಲಾರಿ, ಬಸ್ಸುಗಳ ನಡುವೆ ನಿಂತು ನಿಂತು ನನ್ನ ಗಂಡ ಸ್ಟೇರಿಂಗಿನ ಮೇಲೆ ತಬಲಾ ಬಾರಿಸಿದರು. ವಿಚಿತ್ರವೆಂದರೆ ಬೆಕ್ಕು ಕೂಗುವುದನ್ನು ನಿಲ್ಲಿಸಿ ಸುಖವಾಗಿ ಮೀಸೆ ನೆಕ್ಕಿಕೊಳ್ಳುತ್ತಿತ್ತು. ಪಾಪ, ಸುಸ್ತಾಗಿದೆ ಅಂದುಕೊಂಡೆ.

ನಮ್ಮ ಡಾಕ್ಟರು ಅಲ್ಲಿಗೇ ಬಂದಿದ್ದರು. ಬುಟ್ಟಿಯಿಂದ ತೆಗೆದವರು ಅದರ ಗಲ್ಲದ ಕೂದಲಿಗೆ ಅಂಟಿದ್ದ ಬಿಳುಪನ್ನು ನೋಡಿದರು. "ರಂಗೋಲಿ ಪುಡಿ," ಅಂದೆ ನಾನು, ಈಗಾಗಲೇ ಆ ವಿಷಯದಲ್ಲಿ ಪಂಡಿತಳಾದವಳ ಹಾಗೆ. ಡಾಕ್ಟರು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ, "ಮೊಸರು," ಅಂದರು.

ಫೋನು ಮಾಡಿದೆ. ಅತ್ತೆ ಸ್ವಲ್ಪವೂ ಅಳುಕದೆ ಒಪ್ಪಿಕೊಂಡರು. "ಮೊಸ್ರು ಸಕ್ರೆ ಕಣಮ್ಮ. ಒಂದೇ ಚಮಚ. ಪರೀಕ್ಸೆಗೆ ಓಗೋವಾಗ ಕೊಡದೆ ಕಳಿಸ್ತಾರಾ?" ನಮ್ಮ ಮನೆಯ ಪದ್ಧತಿಯೇ ಹಾಗೆ. ಯಾರು ಯಾವ ಪರೀಕ್ಷೆಗೆ ಹೊರಟರೂ, ಆಸ್ಪತ್ರೆಗೆ ಹೊರಟರೂ, ಒಳ್ಳೆಯದಾಗಲಿ ಅಂತ ಅತ್ತೆ ಒಂದು ಚಮಚ ಮೊಸರು ಸಕ್ಕರೆ ಬಾಯಿಗೆ ಹಾಕಿಯೇ ಹೊಸ್ತಿಲು ದಾಟಿಸುವುದು. ನಾನು ಕೆಲಸದ ಸಂದರ್ಶನಕ್ಕೆ ಹೋದಾಗಲೂ ಕೊಟ್ಟಿದ್ದರು. ಹಾಲು ಕೊಡಬೇಡಿ ಅಂದಿದ್ದೆನಲ್ಲ ಅಂತ ನಾನು ಕೂಗಿದರೆ, "ಆಲು ಎಲ್ಲಿ ಕೊಟ್ಟೆ?" ಅಂದರು. ಜಂಕ್ಷನ್ನಿನ ಹಾರನ್ನುಗಳೆಲ್ಲ ನನ್ನ ತಲೆಯೊಳಗೇ ಬಡಿದಂತಾಯಿತು. ಮತ್ತಿನಲ್ಲಿರುವಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಅಂತ ಆ ದಿನದ ಪರೀಕ್ಷೆ ಮುಂದಕ್ಕೆ ಹೋಯಿತು. ಸಿಟ್ಟು ಮಾಡಿಕೊಳ್ಳಬೇಕಾದ ಡಾಕ್ಟರು ನಕ್ಕು ಸುಸ್ತಾಗಿ ಗೋಡೆಗೆ ಒರಗಿದ್ದರು. ಬೆಕ್ಕು ಅವರ ಬೆರಳಿನ ಮೊಸರನ್ನೂ ನೆಕ್ಕಿ ಮುಗಿಸಿತು.

ಮುಂದಿನ ಸಲ ನಾನು ಅತ್ತೆಯನ್ನು ಜೊತೆಗೇ ಕರೆದುಕೊಂಡು ಹೋದೆ, ಕಣ್ಣೆದುರಿಗಿರಲಿ ಅಂತ. ಹೊರಡುವಾಗ ಆ ಚಮಚ ಮೊಸರು ಸಕ್ಕರೆಯನ್ನು ಬೆಕ್ಕಿನ ಪರವಾಗಿ ನಾನೇ ತಿಂದೆ. ಹಾಗಾದರೂ ನಡೆಯುತ್ತದೆ ಅಂತ ಅತ್ತೆ ಒಪ್ಪಿಕೊಂಡಿದ್ದರು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ನಮ್ಮ ಬೆಕ್ಕಿನ ಬೆನ್ನು ಉದ್ದಕ್ಕೆ ಕಪ್ಪುಬಿಳುಪಿನಲ್ಲಿ ಕಾಣುತ್ತಿತ್ತು. ಮೂಳೆಗಳ ಸಾಲಿನ ನಡುವೆ ಹುರಿ ನೇರವಾಗಿ ಬಂದು, ಅವರು ಅವತ್ತು ಬೆರಳಿಟ್ಟಿದ್ದ ಜಾಗಕ್ಕೆ ಹತ್ತಿರದಲ್ಲೇ ಒಂದು ಪಕ್ಕಕ್ಕೆ ಬಾಗಿತ್ತು. ಎಡಗಡೆಯಿಂದ ಬೆಳ್ಳಗೆ ದುಂಡಗಿನದೊಂದು ಅದನ್ನು ಒತ್ತುತ್ತಿತ್ತು. ಇಷ್ಟು ದಿನ ಅನುಮಾನವಾಗಿದ್ದದ್ದು ಈಗ ಕಣ್ಣೆದುರಿಗೇ ಇತ್ತು. ನನಗೆ ಅಳು ಬಂತು, ಅತ್ತೂಬಿಟ್ಟೆ. ನನ್ನ ಗಂಡ ಕರವಸ್ತ್ರ ಹುಡುಕಿ ಹುಡುಕಿ ಕಾರು ಒರೆಸುವ ಬಟ್ಟೆ ಕೊಟ್ಟರು.

ಅತ್ತೆ ಮಾತ್ರ ಮುಖ ಮುಂದೆ ಮಾಡಿ ನೋಡುತ್ತಿದ್ದರು. "ಅವರೇಕಾಯಲ್ಲಿ ಕಾಳು ಬಲಿತಂಗೈತೆ. ಸಿಪ್ಪೆ ಬಿಡಿಸಿ ತೆಗುದ್ರೆ ಆಯ್ತಲ್ಲ?"

"ಬಿಡಿಸೋಕೆ ಬರೋ ಕಾಳು ಅಂತಾನೇ ಕಾಣ್ತಿದೆ ಅಜ್ಜಿ," ಅಂದರು ಡಾಕ್ಟರು. "ಹುರಿಗೆ ಒಂದು ಪೊರೆ ಇರುತ್ತೆ. ಗಡ್ಡೆ ಪೊರೆಯಿಂದ ಹುಟ್ಟಿದೆ, ಹುರಿಯ ಒಳಗಿಲ್ಲ. ಆದ್ರೆ ಯಾವ ಜಾತಿ ಅಂತ ಫೋಟೋ ನೋಡಿ ಖಂಡಿತ ಹೇಳೋಕಾಗಲ್ಲ. ತೆಗೆದು, ಲ್ಯಾಬಿಗೆ ಕಳಿಸಿದ್ ಮೇಲೇ ಗೊತ್ತಾಗೋದು." ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಅಂತ ಗೆರೆ ಕೊರೆದು ಹೇಳಿದ್ದಕ್ಕೇ ನನಗೆ ಧೈರ್ಯ ಬಂತು. ಎಲ್ಲ ಸರಿಹೋಗುತ್ತೆ ಅಂತ ಬೆನ್ನು ತಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಮಾಡಿಸೋಣ ಅಂದೆ.

ಆಪರೇಷನ್ನು ಆಯಿತು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಆ ಹೊತ್ತೆಲ್ಲ ಕಾರಿಡಾರಿನಲ್ಲಿ ಕೂತು ಒಂದೇ ಉತ್ತರಪತ್ರಿಕೆಯನ್ನು ತಿದ್ದುತ್ತಿದ್ದೆ. ಲ್ಯಾಬಿನಿಂದ ಬಂದ ಸುದ್ದಿ ನಮ್ಮ ಡಾಕ್ಟರು ಊಹಿಸಿದ್ದೇ. ಪೊರೆಯಲ್ಲಿ ಹುಟ್ಟಿದ, ನಿಧಾನವಾಗಿ ಬೆಳೆಯುವ, ಬೇರೆ ಕಡೆಗೆ ಹರಡದ ಜಾತಿ. ಮತ್ತೆ ಬರಬಾರದೆಂದೇನಿಲ್ಲ, ನೋಡುತ್ತಿರಬೇಕು. ಫೋನಿನಲ್ಲಿ ಅದನ್ನು ಹೇಳುವಾಗ ಅವರ ದನಿಯೂ ಸ್ವಲ್ಪ ಎತ್ತರಕ್ಕೆ ಹೋಗಿತ್ತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಿಹಿ ತರಿಸಿದೆ. ಯಾಕೆ ಅಂತ ಕೇಳಿದವರಿಗೆ ಬೆಕ್ಕಿನ ಬೆನ್ನುಹುರಿಯ ಚಿತ್ರ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಗೆದ್ದೆ ಅನ್ನಿಸಿತು.

ಆದರೆ ಕಾಲು ತಕ್ಷಣ ಬರಲಿಲ್ಲ. ಇಷ್ಟು ದಿನ ಒತ್ತಿಸಿಕೊಂಡ ಹುರಿ ಚೇತರಿಸಿಕೊಳ್ಳಲು ಸಮಯ ಬೇಕು, ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದು ಅಂದಿದ್ದರು. ಅತ್ತೆ ತಮ್ಮ ಹಳೇ ವಾಯಿಲ್ ಸೀರೆ ಹರಿದು ಪಟ್ಟಿ ಮಾಡಿದರು. ಅದನ್ನು ಬೆಕ್ಕಿನ ಹೊಟ್ಟೆಯ ಕೆಳಗೆ ಹಾಕಿ, ಹಿಂಭಾಗ ಎತ್ತಿ ಹಿಡಿದು ಹಜಾರದಲ್ಲಿ ನಡೆಸುತ್ತಿದ್ದರು. ಮಂಡಿ ನೋವಿನ ಅತ್ತೆ ಮುಂದೆ ಬಗ್ಗಿಕೊಂಡು, ಬೆಕ್ಕು ರಾಜನ ಠೀವಿಯಲ್ಲಿ, ಇಬ್ಬರೂ ಕುಂಟುತ್ತ ಹೋಗುವುದು ನೋಡಿ ನನ್ನ ಗಂಡ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅತ್ತೆ ನಗುತ್ತಿರಲಿಲ್ಲ.

ಅವರು ಬೈಯುವುದನ್ನೇ ಬಿಟ್ಟಿದ್ದರು. ಬೆಕ್ಕು ಪಟ್ಟಿಯಲ್ಲಿ ನೇತಾಡುತ್ತ ಅವರ ಕೈಗೆ ಉಗುರಿಳಿಸಿದರೂ ತುಟಿ ಬಿಗಿಹಿಡಿದುಕೊಳ್ಳುತ್ತಿದ್ದರು. ಬೆಕ್ಕಿಗಷ್ಟೇ ಅಲ್ಲ, ತರಕಾರಿಯವನಿಗೂ ಬೈಯಲಿಲ್ಲ, ನನ್ನ ಗಂಡನಿಗೂ ಬೈಯಲಿಲ್ಲ. ನನ್ನ ಲೆಕ್ಕ ಅವರ ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಬೆಳಿಗ್ಗೆ ಗೇಟಿನ ಮುಂದೆ ರಂಗೋಲಿ ಅಳಿಯದೆ, ಒಂದು ಚುಕ್ಕಿಯೂ ಅಲ್ಲಾಡದೆ ಮಧ್ಯಾಹ್ನದವರೆಗೆ ಇರುತ್ತಿತ್ತು. ಅತ್ತೆ ಬಿಟ್ಟು ಮುಗಿಸಿ ಬೀದಿಯ ತುದಿಯವರೆಗೆ ಒಮ್ಮೆ ನೋಡಿ ಒಳಗೆ ಬರುತ್ತಿದ್ದರು. ಎದುರುಮನೆಯವರು ಹಾಲಿಗೆ ತಡವಾಗುತ್ತಿದೆ ಅಂತ ದೂರಿದರು. ಬೆಕ್ಕು ನಡೆಯಬೇಕು ಅಂತ ಆಸೆಪಟ್ಟಷ್ಟೇ ಅತ್ತೆಯ ಬಾಯಿ ಮತ್ತೆ ತೆರೆಯಲಿ ಅಂತಲೂ ನಾನು ಆಸೆಪಟ್ಟೆ. ಮಾತಿಲ್ಲದ ಅತ್ತೆಯನ್ನು ನನಗೆ ನೋಡಲಾಗುತ್ತಿರಲಿಲ್ಲ.

ಒಂದು ದಿನ ಬೆಕ್ಕು ಪಟ್ಟಿ ಬಿಟ್ಟು ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕಿತು. ಆಮೇಲೆ ಅಡುಗೆಮನೆಯವರೆಗೆ ಹೋಯಿತು. ಪಾದ ಇನ್ನೂ ಒಮ್ಮೊಮ್ಮೆ ಮಡಚುತ್ತಿತ್ತು. ನುಣುಪು ನೆಲದ ಮೇಲೆ ಎಷ್ಟು ಸರಿಹೋಗಿದೆ ಅಂತ ತಿಳಿಯುತ್ತಿರಲಿಲ್ಲ. ಹೊರಗೆ ಬಿಡಲು ನನಗೆ ಧೈರ್ಯವಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ನಾನು ಒಳಗೆ ಕಳಶಕ್ಕೆ ಸೀರೆ ಉಡಿಸುತ್ತಿದ್ದೆ. ಅತ್ತೆ ಗೇಟಿನ ಮುಂದೆ ದೊಡ್ಡ ತಾವರೆ ಬಿಟ್ಟು, ಅಲ್ಲಿಂದ ಹೊಸ್ತಿಲಿನವರೆಗೆ ಲಕ್ಷ್ಮಿಯ ಪುಟ್ಟ ಪಾದಗಳನ್ನು ಬಿಡಿಸುತ್ತಿದ್ದರು. ಹೂವಿನವಳಿಗೆ ಅಂತ ಬಾಗಿಲು ತೆರೆದಿತ್ತು. ಇದ್ದಕ್ಕಿದ್ದ ಹಾಗೆ ಹೊರಗಿನಿಂದ "ಥೂ ಮುಂಡೇದೆ!" ಅಂತ ಕೇಳಿಸಿತು. ಬೀದಿಯೆಲ್ಲ ಕೇಳುವ ಹಾಗೆ, ಮೊದಲಿನ ಗಂಟಲಿನಲ್ಲೇ. ಸೀರೆಯ ನೆರಿಗೆ ಕೈಬಿಟ್ಟು ಓಡಿದೆ. ನನ್ನ ಗಂಡ ಅರ್ಧ ಗಡ್ಡ ಬೋಳಿಸಿಕೊಂಡು ಓಡಿಬಂದರು.

ತಾವರೆಯ ನಟ್ಟನಡುವಿನಿಂದ ಲಕ್ಷ್ಮಿಯ ಪಾದಗಳ ಪಕ್ಕಪಕ್ಕಕ್ಕೇ ಬೆಕ್ಕಿನ ಹೆಜ್ಜೆ ಮೂಡಿ ಹೊಸ್ತಿಲಿನವರೆಗೆ ಬಂದಿತ್ತು. ತೆರೆದ ಬಾಗಿಲಿನಿಂದ ಯಾವಾಗಲೋ ಹೊರಗೆ ನುಸುಳಿದ್ದಿರಬೇಕು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ನೋಡಿದೆ. ಹಿಂದಿನ ಎಡಗಾಲಿನದು ಸ್ವಲ್ಪ ಸೊಟ್ಟಗಿತ್ತು. ಬೆರಳುಗಳೆಲ್ಲ ಬೇರೆಬೇರೆಯಾಗಿ ಮೂಡಿದ್ದವು. ಎಳೆದ ಗೀಟು ಎಲ್ಲೂ ಇರಲಿಲ್ಲ.

ಅತ್ತೆ ಪೊರಕೆ ಎತ್ತಿ ಹಿಡಿದು ನಿಂತಿದ್ದರು. ಮೂಗಿನಿಂದ, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಡಪಾದ ನೆಕ್ಕಿಕೊಳ್ಳುತ್ತಿದ್ದ ಬೆಕ್ಕಿಗೆ, ಕರಿನಾಲಗೆಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ, ಹಲ್ಲು ಕಚ್ಚಿ ಬೈಯುತ್ತಿದ್ದರು.

"ನಿನ್ ಕಾಲು ಕಬ್ಬಿಣ ಆಗ! ನಿಂಗೆ ನೂರ್ ವರ್ಸ ಆಯಸ್ಸಾಗ! ದಿನಾ ಬಂದು ಇಂಗೇ ತುಳ್ಕಂಡು, ಸಾಯ್ದೇ ಬದುಕ್ಕೋ, ಮುಂಡೇದೆ!"

ಎದುರುಮನೆಯ ಬಾಗಿಲು ತೆರೆ‌ಯಿತು. ಹಾಲಿಗೆ ಹೊತ್ತಾಗಿತ್ತು.